ಸಾರಿನಲ್ಲಿರುವ ನೀರು, ಪ್ಯಾಕೆಟ್ಟಿನಲ್ಲಿಲ್ಲದ ನೀರು

ಮಧ್ಯಾಹ್ನ ಮಾಡಿದ ಬಸ್ಸಾರನ್ನು ರಾತ್ರಿ ಒಮ್ಮೆ ಕುದಿಸಿಡದಿದ್ದರೆ ಬೆಳಿಗ್ಗೆ ಹೊತ್ತಿಗೆ ಹಳಸಿರುತ್ತದೆ. ಅದೇ ಅಡುಗೆಮನೆಯ ಶೆಲ್ಫಿನಲ್ಲಿರುವ ನೂಡಲ್ಸ್ ಪ್ಯಾಕೆಟ್ಟಿಗೆ ಆರು ತಿಂಗಳಾದರೂ ಏನೂ ಆಗುವುದಿಲ್ಲ. ಯಾಕೆ ಅಂತ ಕೇಳಿದರೆ ಹೆಚ್ಚಿನವರು "ಕೆಮಿಕಲ್ ಹಾಕಿರ್ತಾರೆ, ಅದಕ್ಕೇ" ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಮುಖ್ಯ ಕಾರಣ ಅದಲ್ಲ. ಮುಖ್ಯ ಕಾರಣ ನೀರು. ಸಾರಿನಲ್ಲಿ ನೀರಿದೆ, ನೂಡಲ್ಸಿನಲ್ಲಿ ಇಲ್ಲ.

ಮನೆ ಊಟಕ್ಕೂ ಪ್ಯಾಕೆಟ್ ತಿಂಡಿಗೂ ಇರುವ ವ್ಯತ್ಯಾಸದ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ. ಹೊಟ್ಟೆ ಯಾವಾಗ ತುಂಬಿತು ಅನಿಸುತ್ತೆ, ಉಪ್ಪು ಎಣ್ಣೆ ಎಷ್ಟು ಒಳಗೆ ಹೋಗುತ್ತೆ, ಘಮ ಎಲ್ಲಿಂದ ಬರುತ್ತೆ, ಎಲ್ಲಕ್ಕೂ ಈ ನೀರಿಗೂ ನಂಟಿದೆ.

ಬ್ಯಾಕ್ಟೀರಿಯಾ ಇರಲಿ, ಬೂಷ್ಟು ಇರಲಿ, ಬೆಳೆಯೋಕೆ ನೀರು ಬೇಕೇ ಬೇಕು. ಅದೂ ಅವು ಬಳಸಿಕೊಳ್ಳಲು ಆಗುವಂಥ ಬಿಡಿ ನೀರು. ಆಹಾರ ವಿಜ್ಞಾನದವರು ಇದನ್ನು 0ಯಿಂದ 1ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ವಾಟರ್ ಆಕ್ಟಿವಿಟಿ ಅಂತ ಅದರ ಹೆಸರು. ಶುದ್ಧ ನೀರು ಅಂದರೆ 1. ಸಾರು, ಅನ್ನ, ಪಲ್ಯ ಎಲ್ಲವೂ ಅದಕ್ಕೆ ತೀರಾ ಹತ್ತಿರ. 0.9ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. 0.6ಕ್ಕಿಂತ ಕೆಳಗಿಳಿದರೆ ಬೂಷ್ಟು ಕೂಡ ಹಿಡಿಯುವುದಿಲ್ಲ. ಬಿಸ್ಕೆಟ್, ಚಿಪ್ಸ್, ನೂಡಲ್ಸ್ ಇರುವುದು ಅಲ್ಲಿ.

ಇದೇನು ಕಾರ್ಖಾನೆಯವರು ಕಂಡುಹಿಡಿದ ಗುಟ್ಟಲ್ಲ. ನಮ್ಮ ಅಜ್ಜಿಯಂದಿರು ಮಾಳಿಗೆ ಮೇಲೆ ಬಿಳಿ ಪಂಚೆ ಹಾಸಿ ಮಾಡುತ್ತಿದ್ದದ್ದು ಇದನ್ನೇ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಅಂದರೆ ಬಿಸಿಲಿಗೆ ನೀರು ಕಳೆಯೋದು. ಉಪ್ಪಿನಕಾಯಿ ಅಂದರೆ ಉಪ್ಪು ಹಾಕಿ ನೀರನ್ನು ಕಟ್ಟಿಹಾಕೋದು. ಮಾವಿನಹಣ್ಣಿನ ರಸಾಯನ ಅವತ್ತೇ ಮುಗಿಯಬೇಕು, ಮೊರಬ್ಬ ಮಾತ್ರ ವರ್ಷ ಇರುತ್ತದೆ, ಅಲ್ಲಿ ಆ ಕೆಲಸ ಸಕ್ಕರೆಯದು. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ಇನ್ನೂ ಜಾಣತನದ್ದು. ಜೋಳದ ರೊಟ್ಟಿಯನ್ನು ಗರಿಗರಿಯಾಗುವ ತನಕ ಒಣಗಿಸಿದರೆ ಸಾಕು. ಎಣ್ಣೆ ಬೇಡ, ಜಾಸ್ತಿ ಉಪ್ಪೂ ಬೇಡ, ವಾರಗಟ್ಟಲೆ ಇರುತ್ತದೆ.

ಹಾಗಾದರೆ ಅಜ್ಜಿ ಮಾಡಿದರೆ ಸರಿ, ಕಂಪನಿ ಮಾಡಿದರೆ ತಪ್ಪಾ? ಅಲ್ಲ. ಹಪ್ಪಳ, ಉಪ್ಪಿನಕಾಯಿ ಇರುತ್ತಿದ್ದದ್ದು ಎಲೆಯ ತುದಿಯಲ್ಲಿ. ಕಡಕ್ ರೊಟ್ಟಿಯ ಜೊತೆಗೆ ನೀರಾಗಿರುವ ಕಾಳುಪಲ್ಯ, ಮೊಸರು ಇದ್ದೇ ಇರುತ್ತಿತ್ತು. ಕಳೆದ ನೀರು ತಟ್ಟೆಯಲ್ಲಿ ವಾಪಸ್ ಬರುತ್ತಿತ್ತು. ಈಗ ಎಲೆಯ ತುದಿಯಲ್ಲಿ ಇರಬೇಕಾದದ್ದು ನಡುವೆ ಬಂದು ಕೂತಿದೆ. ಬೆಳಿಗ್ಗೆ ಪ್ಯಾಕೆಟ್ಟಿನ ಸೀರಿಯಲ್, ಹನ್ನೊಂದಕ್ಕೆ ಬಿಸ್ಕೆಟ್, ಸಂಜೆ ಚಿಪ್ಸ್, ರಾತ್ರಿ ನೂಡಲ್ಸ್. ನನ್ನ ತಕರಾರು ಇಷ್ಟೇ.

ನೂಡಲ್ಸನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಇದನ್ನು ಮಾರುಕಟ್ಟೆಗೆ ತಂದರು. ಮೈದಾ ಹಿಟ್ಟಿನ ಎಳೆಗಳನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಸುಮಾರು 150 ಡಿಗ್ರಿ ಬಿಸಿಯ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುತ್ತಾರೆ. ಎಳೆಯೊಳಗಿನ ನೀರು ಆವಿಯಾಗಿ ಸಿಡಿದು ಹೊರಗೆ ಬರುತ್ತದೆ, ಬಂದ ದಾರಿಯಲ್ಲೆಲ್ಲ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಆ ತೂತುಗಳಿಗೆ ಎಣ್ಣೆ ನುಗ್ಗುತ್ತದೆ. ನಾವು ಮನೆಯಲ್ಲಿ ಬಿಸಿನೀರು ಹಾಕಿದಾಗ ಅದೇ ತೂತುಗಳಿಂದ ನೀರು ಒಳಗೆ ಹೋಗುತ್ತದೆ, ಅದಕ್ಕೇ ಅಷ್ಟು ಬೇಗ ಮೆತ್ತಗಾಗೋದು. ಹೀಗೆ ಕರಿದ ನೂಡಲ್ಸಿನ ತೂಕದಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆಯೇ ಇರುತ್ತದೆ. ನಮ್ಮ ಕಣ್ಣಿಗೆ ಅದು "ನೀರಿನಲ್ಲಿ ಬೇಯಿಸಿದ" ತಿಂಡಿ. ನಿಜದಲ್ಲಿ ಅದು ಮೊದಲೇ ಕರಿದ ತಿಂಡಿ. ಬುದ್ಧಿವಂತಿಕೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಈಗ ಹೊಟ್ಟೆಯ ವಿಷಯಕ್ಕೆ ಬರೋಣ. ನೀರಿಗೆ ಕ್ಯಾಲೊರಿ ಇಲ್ಲ, ಆದರೆ ತೂಕ ಇದೆ, ಜಾಗ ತಗೊಳ್ಳುತ್ತದೆ. ರಾಗಿಯನ್ನೇ ಉದಾಹರಣೆಗೆ ತಗೊಳ್ಳಿ. 100 ಗ್ರಾಂ ರಾಗಿಹಿಟ್ಟಿನಲ್ಲಿ 320 ಕ್ಯಾಲೊರಿ ಆಸುಪಾಸು ಇರುತ್ತದೆ. ಅದನ್ನು ಎಸರಿಗೆ ಹಾಕಿ, ಬೇಯಿಸಿ, ತಿರುವಿ ಮುದ್ದೆ ಕಟ್ಟಿದರೆ ಹಿಟ್ಟಿನ ಎರಡು ಮೂರು ಪಟ್ಟು ತೂಕದ ನೀರು ಅದರೊಳಗೆ ಸೇರಿರುತ್ತದೆ. ಅಲ್ಲಿಗೆ 100 ಗ್ರಾಂ ಮುದ್ದೆಗೆ ಸುಮಾರು ನೂರು ಕ್ಯಾಲೊರಿ. ಅದೇ "ರಾಗಿ ಬಿಸ್ಕೆಟ್" ತಗೊಂಡರೆ 100 ಗ್ರಾಂಗೆ 450ರಿಂದ 500 ಕ್ಯಾಲೊರಿ. ನೀರು ಹೋಗಿದೆ, ಸಕ್ಕರೆ ಮತ್ತು ಎಣ್ಣೆ ಬಂದಿದೆ. ಲೆಕ್ಕ ಹಾಕಿದರೆ ಕಾಲು ಕೆ.ಜಿ. ತೂಕದ ಒಂದು ಮುದ್ದೆಗೂ ಸುಮಾರು 50 ಗ್ರಾಂ ಬಿಸ್ಕೆಟ್ಟಿಗೂ ಕ್ಯಾಲೊರಿ ಒಂದೇ. ಮುದ್ದೆ ಉಂಡವರು ಎದ್ದು ಕೈ ತೊಳೆಯುತ್ತಾರೆ. ಬಿಸ್ಕೆಟ್ ತಿಂದವರು ಇನ್ನೂ ಊಟ ಮಾಡಬೇಕು.

ಹೊಟ್ಟೆ ತುಂಬಿದೆ ಅಂತ ಮಿದುಳಿಗೆ ಗೊತ್ತಾಗೋದರಲ್ಲಿ ಹೊಟ್ಟೆ ಹಿಗ್ಗುವುದಕ್ಕೆ ದೊಡ್ಡ ಪಾಲಿದೆ. ಕರುಳಿನಿಂದ ಬರುವ ಹಾರ್ಮೋನುಗಳೂ ಸೇರುತ್ತವೆ, ಅವಕ್ಕೆ ಸ್ವಲ್ಪ ಸಮಯ ಬೇಕು. ಒಣ ತಿಂಡಿ ಇವೆರಡಕ್ಕೂ ಅವಕಾಶ ಕೊಡದೆ ಒಳಗೆ ಹೋಗಿಬಿಡುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ತಂಡ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸರಳವಾಗಿ ಬೇಯಿಸಿದ ಊಟ. ಬಡಿಸಿದ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಸೋಡಿಯಂ ಎರಡು ಕಡೆಯೂ ಹೆಚ್ಚುಕಡಿಮೆ ಸಮ. "ಎಷ್ಟು ಬೇಕೋ ಅಷ್ಟು ತಿನ್ನಿ" ಅಂತ ಬಿಟ್ಟರು. 2019ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಕಾರ್ಖಾನೆಯ ಆಹಾರವಿದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು. ಎರಡು ವಾರದಲ್ಲಿ ಸರಾಸರಿ 0.9 ಕೆ.ಜಿ. ತೂಕ ಏರಿತು. ಸರಳ ಊಟದ ಎರಡು ವಾರದಲ್ಲಿ ಅಷ್ಟೇ ಇಳಿಯಿತು. ಪಾನೀಯಗಳನ್ನು ಬಿಟ್ಟು ತಟ್ಟೆಯಲ್ಲಿದ್ದ ಆಹಾರ ಮಾತ್ರ ನೋಡಿದರೆ, ಕಾರ್ಖಾನೆಯದ್ದರಲ್ಲಿ ಗ್ರಾಂಗೆ ಕ್ಯಾಲೊರಿ ಹೆಚ್ಚಿತ್ತು. ಮತ್ತೆ ನೀರಿನ ಲೆಕ್ಕವೇ.

ಇಪ್ಪತ್ತೇ ಜನ, ಒಂದೇ ತಿಂಗಳು ಅನ್ನುವುದನ್ನು ಮರೆಯಬಾರದು. ಬೇಗ ತಿನ್ನುವುದೇ ಕಾರಣ ಅನ್ನುವವರಿಗೆ ನಮ್ಮ ಮಂಡ್ಯದವರು ನಕ್ಕಾರು. ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ, ನುಂಗೋದು ತಾನೇ? ಹಾಗೆ ನುಂಗಿದರೂ ಒಂದೂವರೆ ಮುದ್ದೆಗೆ ಕೈ ನಿಲ್ಲುತ್ತದೆ. ತಿನ್ನುವ ವೇಗಕ್ಕಿಂತ ಒಳಗಿರುವ ನೀರಿನ ತೂಕದ ಮೇಲೇ ನನಗೆ ನಂಬಿಕೆ ಜಾಸ್ತಿ.

ಬಸ್ಸಾರಿನ ವಿಷಯ ಎತ್ತಿದ ಮೇಲೆ ಅದನ್ನು ಹೇಳದೆ ಬಿಡೋಕಾಗಲ್ಲ. ಹಳೇ ಮೈಸೂರು ಸೀಮೆಯ ಈ ಅಡುಗೆಯಲ್ಲಿ ನೀರನ್ನು ಬಳಸುವ ರೀತಿ ಅಷ್ಟು ಚೆನ್ನಾಗಿದೆ. ತೊಗರಿಬೇಳೆ ಅಥವಾ ಹೆಸರುಕಾಳು, ಅವರೆಕಾಳು, ಏನಿದೆಯೋ ಅದು. ಅದನ್ನು ಧಾರಾಳ ನೀರಿನಲ್ಲಿ ಬೇಯೋಕಿಟ್ಟು, ಮುಕ್ಕಾಲು ಬೆಂದಾಗ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹೆಚ್ಚಿ ಹಾಕಿ, ಉಪ್ಪು ಹಾಕಬೇಕು. ಬೆಂದ ಮೇಲೆ ಬಸಿಯಬೇಕು. ಕೆಳಗಿಳಿಯುವ ನೀರೇ ಕಟ್ಟು. ಈರುಳ್ಳಿ, ಬೆಳ್ಳುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಸಾರಿನ ಪುಡಿ, ತೆಂಗಿನಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಬೇಕು. ಆ ಒಂದು ಹಿಡಿ ಮರೆತರೆ ಸಾರು ತೆಳ್ಳಗೆ ನೀರು ನೀರಾಗಿ ನಿಲ್ಲುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ.

ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಫೋಲೇಟ್, ಪೊಟ್ಯಾಸಿಯಂ ಥರದ ನೀರಿನಲ್ಲಿ ಕರಗುವ ಎಷ್ಟೋ ಸತ್ವ ಮೋರಿ ಪಾಲಾಗುತ್ತದೆ. ಬಸ್ಸಾರಿನಲ್ಲಿ ಅದರ ಬಹುಪಾಲು ಕಟ್ಟಿನಲ್ಲೇ ಉಳಿಯುತ್ತದೆ. ಸಿ ಜೀವಸತ್ವ ಮಾತ್ರ ಕುದಿಯುವಾಗ ಬಹಳಷ್ಟು ಹಾಳಾಗುತ್ತದೆ. ಅದಕ್ಕೆ ಪಲ್ಯದ ಮೇಲೆ ಕೊನೆಗೆ ನಿಂಬೆಹಣ್ಣು ಹಿಂಡಿದರಾಯಿತು. ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹತ್ತೋಕೂ ಅದು ಸಹಾಯ ಮಾಡುತ್ತದೆ.

ಇನ್ನು ಘಮ. ಸಾಸಿವೆ ಸಿಡಿದು, ಕರಿಬೇವು ಚಟಪಟ ಅಂದು, ಇಂಗು ಬಿದ್ದಾಗ ಪಕ್ಕದ ಮನೆಗೂ ಗೊತ್ತಾಗುತ್ತದೆ. ಈ ಪರಿಮಳದ ಎಣ್ಣೆಗಳು ಹಾರಿಹೋಗುವಂಥವು. ಬಿಸಿ ಎಣ್ಣೆ ಅವನ್ನು ಹೊರಗೆಳೆದು ಹಿಡಿದುಕೊಳ್ಳುತ್ತದೆ, ಅದೂ ಸ್ವಲ್ಪ ಹೊತ್ತು. ಒಗ್ಗರಣೆ ಕೊನೆಯಲ್ಲಿ ಬೀಳೋದು ಅದಕ್ಕೇ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂರುವ ತಿಂಡಿಗೆ ಈ ಸೌಕರ್ಯ ಇಲ್ಲ. ಆದ್ದರಿಂದ ಹಾರಿಹೋದ ಘಮಕ್ಕೆ ಬದಲಿ ಬೇಕು. ಲೇಬಲ್ಲಿನಲ್ಲಿ "ನೇಚರ್ ಐಡೆಂಟಿಕಲ್ ಫ್ಲೇವರಿಂಗ್" ಅಂತ ಬರೆದಿರೋದು ಇದನ್ನೇ. ಅದರ ಪಕ್ಕದಲ್ಲಿ 627, 631 ಅನ್ನುವ ಸಂಖ್ಯೆಗಳಿದ್ದರೆ ಅವು ನಾಲಿಗೆಗೆ ರುಚಿ ಎತ್ತಿ ತೋರಿಸುವ ಪದಾರ್ಥಗಳು. ಮನೆಯಲ್ಲಿ ಎರಡು ಚಮಚ ಎಣ್ಣೆ, ಅರ್ಧ ನಿಮಿಷದಲ್ಲಿ ಆಗುವ ಕೆಲಸ.

ಹಾಗಂತ ಪ್ಯಾಕೆಟ್ಟಿನಲ್ಲಿರುವುದೆಲ್ಲ ಒಣ ತಿಂಡಿಯಲ್ಲ. ಪೌಚ್ ಕತ್ತರಿಸಿ ಬಿಸಿ ಮಾಡಿ ತಿನ್ನುವ ಬಿಸಿಬೇಳೆಬಾತ್ ಸಿಗುತ್ತದಲ್ಲ, ಅದರಲ್ಲಿ ನೀರಿದೆ. ಅದನ್ನು ಗಾಳಿಯಾಡದಂತೆ ಸೀಲ್ ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಒಳಗೆ ಬದುಕುವ ಜೀವಿಯೇ ಉಳಿಯದ ಮೇಲೆ ಹಳಸುವುದೆಲ್ಲಿಂದ? ಅದಕ್ಕೆ ಪ್ರಿಸರ್ವೇಟಿವ್ ಕೂಡ ಬೇಕಿಲ್ಲ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಊಟದ ಮೇಲೆ ಬಹಳ ಕೆಲಸ ಮಾಡಿದೆ. ಹಿಮದ ಗಡಿಯಲ್ಲಿ ನಿಂತವರಿಗೆ ಬಸ್ಸಾರು ಬಸಿದು ಕೊಡುವವರು ಯಾರು? ಅಂಥ ಕಡೆ ಪೌಚ್ ದೊಡ್ಡ ಉಪಕಾರ. ಎರಡು ಸಲ ಬೆಂದ ರುಚಿ ಇರುತ್ತದೆ, ಅಷ್ಟೇ.

ಗೆರೆ ಎಲ್ಲಿ ಎಳೆಯಬೇಕು ಅನ್ನೋದಕ್ಕೆ ಬ್ರೆಜಿಲ್‌ನಿಂದ ಒಂದು ಪದ್ಧತಿ ಬಂತು. ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಮುಂದಿಟ್ಟ ವಿಚಾರ, ಈಗ ನೋವಾ ಅಂತ ಪ್ರಸಿದ್ಧ. ಅದರಲ್ಲಿ ನಾಲ್ಕು ಗುಂಪು. ಅಕ್ಕಿ, ಬೇಳೆ, ಹಾಲು, ತರಕಾರಿ ಒಂದು. ಎಣ್ಣೆ, ಉಪ್ಪು, ಸಕ್ಕರೆ ಎರಡು. ಉಪ್ಪಿನಕಾಯಿ, ಪನೀರ್ ಥರದವು ಮೂರು. ಮನೆಯಲ್ಲಿ ಯಾರೂ ಇಟ್ಟುಕೊಳ್ಳದ ಪದಾರ್ಥಗಳಿಂದ ಕಾರ್ಖಾನೆಯಲ್ಲಿ ಜೋಡಿಸಿದ್ದು ನಾಲ್ಕನೆಯದು, ಅದನ್ನೇ ಅಲ್ಟ್ರಾ ಪ್ರೊಸೆಸ್ಡ್ ಅನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಈ ನಾಲ್ಕನೆಯ ಗುಂಪನ್ನು ಕಡಿಮೆ ಮಾಡಿ ಅನ್ನುತ್ತದೆ.

ಪದ್ಧತಿ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನೇ ನ್ಯಾಯಾಲಯ ಮಾಡಿಕೊಳ್ಳಬೇಕಿಲ್ಲ. ಅಂಗಡಿಯ ದೋಸೆಹಿಟ್ಟಿನಲ್ಲಿ ಅಕ್ಕಿ, ಉದ್ದು, ನೀರು, ಉಪ್ಪು ಮಾತ್ರ ಇದ್ದರೆ ಅದು ಮನೆ ಹಿಟ್ಟೇ, ರುಬ್ಬಿದ್ದು ಬೇರೆಯವರು ಅಷ್ಟೇ. ಸಾರಿನ ಪುಡಿಯೂ ಹಾಗೇ. ಅವಲಕ್ಕಿಯನ್ನು ಮಿಲ್ಲಿನಲ್ಲೇ ಮಾಡೋದು, ಅದಕ್ಕೇನೀಗ?

ಲೇಬಲ್ ಓದೋದು ಕಲಿತರೆ ಅರ್ಧ ಗೊಂದಲ ಹೋಗುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು, ಅದು ಕಾನೂನು. "ಮಲ್ಟಿಗ್ರೇನ್" ಅಂತ ದಪ್ಪಕ್ಷರದಲ್ಲಿ ಬರೆದ ಬಿಸ್ಕೆಟ್ಟಿನ ಹಿಂಬದಿ ತಿರುಗಿಸಿ, ಮೊದಲ ಮೂರು ಹೆಸರು ಓದಿ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಅಂತಿದ್ದರೆ ಉಳಿದದ್ದು ಅಲಂಕಾರ. ಸಕ್ಕರೆಗೆ ವೇಷಗಳೂ ಉಂಟು. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಅನ್ನೋದೂ ಸಕ್ಕರೆಯ ಕಡೆಯವೇ. ಮಾಲ್ಟೋಡೆಕ್ಸ್‌ಟ್ರಿನ್ ಕೂಡ ಅವುಗಳ ನೆಂಟನೇ. ಒಂದೇ ಸಕ್ಕರೆ ಮೂರು ಹೆಸರಲ್ಲಿ ಹಂಚಿಹೋದರೆ ಪಟ್ಟಿಯಲ್ಲಿ ಪ್ರತಿಯೊಂದೂ ಕೆಳಗಿಳಿಯುತ್ತದೆ.

ಸಂಖ್ಯೆಗಳನ್ನು ಕಂಡು ಮಾತ್ರ ಸುಮ್ನೆ ಹೆದರಬೇಡಿ. 330 ಅಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿರೋದೂ ಅದೇ. 500(ii) ಅಂದರೆ ಅಡುಗೆ ಸೋಡಾ. 412 ಅನ್ನೋ ಗ್ವಾರ್ ಗಮ್ ಬರುವುದು ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದ. ಸಂಖ್ಯೆ ಇದ್ದ ಮಾತ್ರಕ್ಕೆ ವಿಷವಲ್ಲ. ಅಷ್ಟೊಂದು ಸಂಖ್ಯೆ ಯಾಕೆ ಬೇಕಾಯಿತು ಅಂತ ಕೇಳಿಕೊಳ್ಳಿ. ನೀರಿಲ್ಲದ್ದನ್ನು, ಘಮ ಹೋದದ್ದನ್ನು ಮತ್ತೆ ಊಟದಂತೆ ಕಾಣಿಸೋಕೆ ಅವು ಬೇಕು.

ಉಪ್ಪಿಗೆ ಒಂದು ಸಣ್ಣ ಲೆಕ್ಕ. ಲೇಬಲ್ಲಿನಲ್ಲಿ ಸೋಡಿಯಂ ಅಂತ ಇರುತ್ತದೆ, 2.5ರಿಂದ ಗುಣಿಸಿದರೆ ಉಪ್ಪು. 800 ಮಿ.ಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಮುಂಬದಿಯ ದೊಡ್ಡ ಮಾತುಗಳಿಗಂತೂ ಬೆಲೆ ಕೊಡಬೇಡಿ. ಮಾಲ್ಟ್, ಹಾಲು, ಧಾನ್ಯದ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಲ್ಲಿಟ್ಟು ಮಾರಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ 2024ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಜೂನ್‌ನಲ್ಲಿ, ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡುವ ಜ್ಯೂಸಿನ ಮೇಲಿಂದ "100% ಹಣ್ಣಿನ ರಸ" ಅನ್ನೋದನ್ನು ತೆಗೆಯಬೇಕು ಅಂತ ಹೇಳಿತು.

ಮನೆ ಊಟಕ್ಕೂ ಒಂದು ಮಾತು ಹೇಳಬೇಕು. ನಮ್ಮ ದೇಶದಲ್ಲಿ ಜನ ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ ಅಂತ ರಾಷ್ಟ್ರೀಯ ಸಮೀಕ್ಷೆಯೊಂದು ಹೇಳಿತ್ತು. ಅದರಲ್ಲಿ ಬಹುಪಾಲು ಚಿಪ್ಸಿನದ್ದಲ್ಲ, ಮನೆಯ ಸಾರು, ಉಪ್ಪಿನಕಾಯಿ, ಮಜ್ಜಿಗೆಯದ್ದು. ಮನೆಯಲ್ಲಿ ಕರಿದರೂ ಬೋಂಡ ಬೋಂಡವೇ. ಆದರೆ ಮನೆಯ ಸಾರಿಗೆ ಉಪ್ಪು ಹಾಕುವ ಕೈ ನಮ್ಮದು, ಸ್ವಲ್ಪ ಹಿಡಿದು ಹಾಕಬಹುದು. ಪ್ಯಾಕೆಟ್ಟಿನಲ್ಲಿ ಆ ಅವಕಾಶ ಇಲ್ಲ.

ಇನ್ನೊಂದು ಇದೆ, ಮನೆ ಊಟ ಹೊಗಳುವವರು ಜಾಣತನದಿಂದ ದಾಟಿ ಹೋಗುವ ವಿಷಯ. ಮಾಡೋದು ಯಾರು? 2024ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಏನೂ ಮಾಡದವರು ಇದರಲ್ಲಿ ಸೇರಿಲ್ಲ. ಆಫೀಸಿನಿಂದ ಏಳೂವರೆಗೆ ಬಂದವಳು ನೂಡಲ್ಸ್ ಒಡೆದರೆ ಅವಳಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಅನ್ನ, ಸಾರು, ಎರಡು ಪಲ್ಯ, ಕೋಸಂಬರಿ, ಹಪ್ಪಳ ಅಂತ ದಿನಾ ಹಬ್ಬ ಮಾಡಿ ಅಂತಲೂ ನಾನು ಹೇಳುತ್ತಿಲ್ಲ. ಸರಳ ಅಡುಗೆ ಅಂದರೆ ನಿಜವಾಗಿಯೂ ಸರಳ ಇರಬೇಕು. ಹಿಟ್ಟನ್ನು ಅಂಗಡಿಯಿಂದ ತನ್ನಿ. ಕಾಯಿ ತುರಿದು ಫ್ರೀಜರಿನಲ್ಲಿಡಿ. ಭಾನುವಾರವೇ ಕಾಳು ನೆನೆಸಿ ಮೊಳಕೆ ಕಟ್ಟಿಡಿ.

ಏನೂ ಇಲ್ಲದ ರಾತ್ರಿಗೆ ಮಲೆನಾಡಿನ ತಂಬುಳಿ ಇದೆ. ಕುಂಡದಲ್ಲಿರುವ ದೊಡ್ಡಪತ್ರೆಯ ಏಳೆಂಟು ಎಲೆ ಕಿತ್ತು, ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಮೆಣಸಿನ ಕಾಳಿನ ಜೊತೆ ಬಾಡಿಸಿ. ಎಲೆ ಬಣ್ಣ ತಿರುಗಿ ಮುದುಡಿದರೆ ಸಾಕು. ತಣ್ಣಗಾದ ಮೇಲೆ ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸೋ ಹಾಗಿಲ್ಲ. ಬಿಸಿ ಅನ್ನಕ್ಕೆ ಕಲಸಿ ಉಣ್ಣಿ, ಮಿಕ್ಕಿದ್ದನ್ನು ಲೋಟಕ್ಕೆ ಹಾಕಿ ಕುಡಿಯಿರಿ. ಕುಕ್ಕರಿನಲ್ಲಿ ಅನ್ನ ಆಗುವಷ್ಟರಲ್ಲಿ ತಂಬುಳಿಯೂ ಆಗಿರುತ್ತದೆ. ಮಿಕ್ಸಿ ಜಾರ್ ತೊಳೆಯೋದು ಯಾರು ಅನ್ನೋದು ಮಾತ್ರ ಮೊದಲೇ ತೀರ್ಮಾನ ಆಗಿರಲಿ.